ಶಿಡ್ಲಘಟ್ಟದ ಹುಳು ಮನೆಗೆ ಇಎಸ್‌ಪಿ32: ಐಡಿಎಫ್ ಇಳಿಸಿದಲ್ಲಿಂದ ಬಜರ್ ಕೂಗುವ ತನಕ

ಬೇಕಾಗಿದ್ದು ಇಷ್ಟು. ರೇಷ್ಮೆ ಹುಳು ಸಾಕುವ ಮನೆಯ ಒಳಗಿನ ಬಿಸಿ ಮತ್ತು ತೇವವನ್ನು ಇಎಸ್‌ಪಿ32 ಎಂಬ ವೈಫೈ ಇರುವ ಸಣ್ಣ ಚಿಪ್ ಬೋರ್ಡ್ ನಿಮಿಷಕ್ಕೊಮ್ಮೆ ಅಳೆಯಬೇಕು. ಮಿತಿ ದಾಟಿದರೆ ಬಜರ್ ಕೂಗಬೇಕು. ಮನೆಯಲ್ಲಿ ಕೂತವರಿಗೆ ಫೋನಿನಲ್ಲಿ ಕಾಣಬೇಕು. ಕರೆಂಟ್ ಹೋಗಿ ಬಂದರೆ ಯಾರೂ ಮುಟ್ಟದೆ ತಾನೇ ಏಳಬೇಕು.

ಶಿಡ್ಲಘಟ್ಟದ ಕಡೆ ಹುಳು ಸಾಕುವವರಿಗೆ ಇದರ ಅಗತ್ಯ ಹೇಳಬೇಕಾಗಿಲ್ಲ. ದ್ವಿತಳಿ ಹುಳುವಿಗೆ ಬೆಳವಣಿಗೆಯ ಮೂರನೇ ಹಂತದಲ್ಲಿ ಸುಮಾರು 26 ಡಿಗ್ರಿ ಬಿಸಿ, ಶೇ. 80 ತೇವ ಬೇಕು. ನಾಲ್ಕನೆಯದಕ್ಕೆ 25 ಡಿಗ್ರಿ, ಶೇ. 70ರಿಂದ 75. ಐದನೇ ಹಂತಕ್ಕೆ 24 ಡಿಗ್ರಿ, ಶೇ. 65ರಿಂದ 70. ಮಾರ್ಚ್ ತಿಂಗಳಿಂದ ಹೊರಗೆ ಬಿಸಿ ಏರುತ್ತದೆ, ಗಾಳಿ ಒಣಗುತ್ತದೆ. ಒದ್ದೆ ಗೋಣಿಚೀಲ ಇಳಿಬಿಟ್ಟು, ಚಾವಣಿಗೆ ನೀರು ಬಿಟ್ಟು ಹೇಗೋ ನಡೆಸುತ್ತೇವೆ. ಗೋಡೆಯ ಮೇಲೆ ಒದ್ದೆ-ಒಣ ಥರ್ಮಾಮೀಟರ್ ಇದೆ, ಆದರೆ ಬೆಳಗಿನ ಜಾವ ಅದನ್ನು ನೋಡುವವರು ಯಾರು? ಐದನೇ ಹಂತದಲ್ಲಿ ಒಬ್ಬರು ಹುಳು ಮನೆಯ ಪಡಸಾಲೆಯಲ್ಲೇ ಮಲಗುತ್ತಾರೆ. ಅವರನ್ನು ಎಬ್ಬಿಸಲು ಬಜರ್.

ಆರ್ಡುಯಿನೋದಲ್ಲಿ ಮಾಡಬಹುದಿತ್ತು. ಆದರೆ ವರ್ಷವಿಡೀ ಬೆಳೆ ಮೇಲೆ ಬೆಳೆ ನಡೆಯುವ ಜಾಗ ಇದು. ಹಿಡಿತ ಜಾಸ್ತಿ ಬೇಕು ಅನಿಸಿತು. ಹಾಗಾಗಿ ಈ ಚಿಪ್ ಮಾಡುವ ಎಸ್‌ಪ್ರೆಸಿಫ್ ಕಂಪನಿಯೇ ಪ್ರೋಗ್ರಾಂ ಬರೆಯಲು ಕೊಡುವ ಇಎಸ್‌ಪಿ-ಐಡಿಎಫ್ ಎಂಬ ಕಿಟ್ಟನ್ನೇ ಹಿಡಿದೆ. ಸಿ ಭಾಷೆ, ಒಳಗೆ ಕೆಲಸಗಳನ್ನು (ಟಾಸ್ಕ್) ಸರದಿಯಲ್ಲಿ ಓಡಿಸುವ ಫ್ರೀಆರ್‌ಟಿಒಎಸ್, ಓಪನ್ ಸೋರ್ಸ್, ದುಡ್ಡಿಲ್ಲ.

ಸಾಮಾನು ಮತ್ತು ಖರ್ಚು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡಿದ್ದು: 30 ಪಿನ್ನಿನ ಇಎಸ್‌ಪಿ32 ಡೆವ್‌ಕಿಟ್ 450 ರೂ., ಎಸ್‌ಎಚ್‌ಟಿ31 ಸೆನ್ಸರ್ ಮಾಡ್ಯೂಲ್ 380, ಆಕ್ಟಿವ್ ಬಜರ್ 25, ಬಿಸಿ547 ಟ್ರಾನ್ಸಿಸ್ಟರ್ ಮತ್ತು 1 ಕಿಲೋಓಮ್ ರೆಸಿಸ್ಟರ್ ಸೇರಿ 5, ಐದು ವೋಲ್ಟ್ 2 ಆಂಪಿಯರ್ ಅಡಾಪ್ಟರ್ 180, ಯುಎಸ್‌ಬಿ ಕೇಬಲ್ 120. ಶಿಡ್ಲಘಟ್ಟದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ 90, ನಾಲ್ಕು ಎಳೆಯ ವೈರ್ 3 ಮೀಟರ್ 60. ಒಟ್ಟು 1310 ರೂ. ಕೆಪಾಸಿಟರ್, ಬ್ರೆಡ್‌ಬೋರ್ಡ್, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮನೆಯಲ್ಲೇ ಇದ್ದವು.

ಸೆನ್ಸರ್ ಬಗ್ಗೆ ಒಂದು ಮಾತು. ಎಲ್ಲರೂ ಡಿಎಚ್‌ಟಿ22 ಹಾಕುತ್ತಾರೆ, ಅಗ್ಗ. ಆದರೆ ಶೇ. 65 ಮತ್ತು 70ರ ನಡುವೆ ನಿಲ್ಲಿಸಬೇಕಾದ ಕಡೆ ತೇವದಲ್ಲಿ ಶೇ. 2ರಿಂದ 5 ಆಚೀಚೆ ತೋರಿಸುವ ಸೆನ್ಸರ್ ಸಾಲದು. ಎಸ್‌ಎಚ್‌ಟಿ31ರದು ಸಾಮಾನ್ಯವಾಗಿ ಶೇ. 2ರ ಒಳಗೆ. ಈ ಕೆಲಸದಲ್ಲಿ ದುಡ್ಡು ಹಾಕಬೇಕಾದ ಜಾಗ ಸೆನ್ಸರ್. ಉಳಿದದ್ದೆಲ್ಲ ಅಗ್ಗದ್ದಾದರೂ ನಡೆಯುತ್ತದೆ.

ಹಂತ 1: ಕಿಟ್ ಇಳಿಸುವುದು

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04. ಮೊದಲು ಗಿಟ್, ಸಿಮೇಕ್, ನಿಂಜಾ, ಪೈಥಾನ್ 3 ಮತ್ತು ಅದರ ವೆನ್ವ್, ಫ್ಲೆಕ್ಸ್, ಬೈಸನ್, ಸಿಕ್ಯಾಶ್ ಹಾಕಿಕೊಂಡೆ. ಆಮೇಲೆ ಹೋಮ್ ಫೋಲ್ಡರ್ ಒಳಗೆ ‘ಇಎಸ್‌ಪಿ’ ಎಂಬ ಫೋಲ್ಡರ್ ಮಾಡಿ ಗಿಟ್‌ಹಬ್‌ನಿಂದ ಐಡಿಎಫ್ ಕ್ಲೋನ್ ಮಾಡಿದೆ. ಮಾಸ್ಟರ್ ಬ್ರಾಂಚ್ ಬೇಡ, ಬಿಡುಗಡೆಯಾದ ಆವೃತ್ತಿ ತೆಗೆದುಕೊಳ್ಳಿ. ನಾನು 5.3 ಹಿಡಿದೆ. ಸೆನ್ಸರ್ ಜೊತೆ ಎರಡು ಎಳೆಯಲ್ಲಿ ಮಾತಾಡುವ ಐ2ಸಿಯ ಹೊಸ ಡ್ರೈವರ್ ಬಂದಿದ್ದು 5.2ರಲ್ಲಿ. ಅದಕ್ಕಿಂತ ಹಳೆಯದು ಹಾಕಿದರೆ ಕೆಳಗೆ ಹೇಳುವ ಸೆನ್ಸರ್ ಭಾಗ ಹೊಂದುವುದಿಲ್ಲ.

ಕ್ಲೋನ್ ಮಾಡುವಾಗ ‘ರಿಕರ್ಸಿವ್’ ಎಂಬ ಆಯ್ಕೆ ಬಿಟ್ಟರೆ ಒಳಗಿನ ಸಬ್‌ಮಾಡ್ಯೂಲ್‌ಗಳು ಬರುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿದರೆ ಮಧ್ಯದಲ್ಲಿ ಸಂಪರ್ಕ ಹರಿದಾಗಲೂ ಇದೇ ಗತಿ. ಫೋಲ್ಡರ್ ಇರುತ್ತದೆ, ಒಳಗೆ ಖಾಲಿ. ಬಿಲ್ಡ್ ಮಾಡುವಾಗ ಯಾವುದೋ ಫೈಲ್ ಇಲ್ಲ ಎಂಬ ದೂರು. ಎಲ್ಲ ಅಳಿಸಿ ಮತ್ತೆ ಮೊದಲಿಂದ ಇಳಿಸಬೇಕಾಗಿಲ್ಲ. ಐಡಿಎಫ್ ಫೋಲ್ಡರ್ ಒಳಗೆ ಹೋಗಿ ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ ಕೊಟ್ಟರೆ, ‘ಇನಿಟ್’ ಮತ್ತು ‘ರಿಕರ್ಸಿವ್’ ಸೇರಿಸಿ, ಬಿಟ್ಟುಹೋಗಿದ್ದು ಮಾತ್ರ ಬರುತ್ತದೆ. ಇದು ಗೊತ್ತಿದ್ದರೆ ಡೇಟಾ ಉಳಿಯುತ್ತದೆ.

ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸುವಾಗ ಪಕ್ಕದಲ್ಲಿ ಚಿಪ್ಪಿನ ಹೆಸರು ಇಎಸ್‌ಪಿ32 ಅಂತ ಕೊಟ್ಟೆ. ಕೊಡದಿದ್ದರೆ ಸಿ3 ಮುಂತಾದ ಚಿಪ್ಪುಗಳ ಕಂಪೈಲರ್ ಕೂಡ ಸುಮ್ನೆ ಇಳಿಯುತ್ತದೆ.

ಎರಡು ಸಣ್ಣ ವಿಷಯ. ಪ್ರಾಜೆಕ್ಟ್ ಇಡುವ ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇರಬಾರದು, ಐಡಿಎಫ್ ಒಪ್ಪುವುದಿಲ್ಲ. ಮತ್ತೆ, ಹೊಸ ಟರ್ಮಿನಲ್ ತೆರೆದಾಗಲೆಲ್ಲ ಎಕ್ಸ್‌ಪೋರ್ಟ್ ಸ್ಕ್ರಿಪ್ಟ್ ಓಡಿಸಲೇಬೇಕು. ಚುಕ್ಕಿ, ಖಾಲಿ ಜಾಗ, ಆಮೇಲೆ ಸ್ಕ್ರಿಪ್ಟ್ ಹೆಸರು. ಮುಂದಿನ ಚುಕ್ಕಿ ಬಿಟ್ಟರೆ ಸ್ಕ್ರಿಪ್ಟ್ ಓಡಿದರೂ ಟರ್ಮಿನಲ್‌ಗೆ ಏನೂ ತಾಗುವುದಿಲ್ಲ, ‘ಕಮ್ಯಾಂಡ್ ನಾಟ್ ಫೌಂಡ್’ ಎಂದೇ ಹೇಳುತ್ತದೆ. ಬ್ಯಾಷ್ ಫೈಲಿನಲ್ಲಿ ಇದಕ್ಕೊಂದು ಅಲಿಯಾಸ್ ಬರೆದಿಟ್ಟುಕೊಂಡೆ.

ಹಂತ 2: ಬೋರ್ಡ್ ಕಾಣುತ್ತಿಲ್ಲ

ಕೇಬಲ್ ಚುಚ್ಚಿದೆ. ಬೋರ್ಡಿನ ಕೆಂಪು ದೀಪ ಹತ್ತಿತು. ಆದರೆ ಟಿಟಿವೈ-ಯುಎಸ್‌ಬಿ-0 ಎಂಬ ಪೋರ್ಟ್ ಹುಟ್ಟಲಿಲ್ಲ. ಇದಕ್ಕೆ ಮೂರು ಕಾರಣ ಇರಬಹುದು. ನನ್ನ ಕಡೆ ಮೂರೂ ಇದ್ದವು, ಒಂದರ ಹಿಂದೆ ಒಂದು.

ಒಂದು, ಕೇಬಲ್. ಫೋನ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ. ದೀಪ ಹತ್ತಿತು ಎಂದರೆ ಕೇಬಲ್ ಸರಿ ಅಂತಲ್ಲ.

ಎರಡನೆಯದು ಉಬುಂಟು 22.04ರಲ್ಲಿ ಬಹಳ ಜನಕ್ಕೆ ಆಗಿದೆ. ನನ್ನ ಬೋರ್ಡಿನ ಯುಎಸ್‌ಬಿ ಚಿಪ್ ಸಿಎಚ್340. ಡಿಮೆಸೇಜ್ ಲಾಗ್ ನೋಡಿದರೆ ಪೋರ್ಟ್ ಹುಟ್ಟುತ್ತದೆ, ಮರುಕ್ಷಣ ಕಳಚಿಕೊಳ್ಳುತ್ತದೆ. ಪಕ್ಕದಲ್ಲೇ ಬಿಆರ್‌ಎಲ್‌ಟಿಟಿವೈ ಎಂಬ ಹೆಸರು. ಅದು ಕಣ್ಣು ಕಾಣದವರ ಬ್ರೈಲ್ ಪರದೆಗಳಿಗೆ ಇರುವ ಪ್ರೋಗ್ರಾಂ. ಕೆಲವು ಬ್ರೈಲ್ ಸಾಧನಗಳ ಯುಎಸ್‌ಬಿ ಗುರುತಿನ ಸಂಖ್ಯೆಯೂ ಸಿಎಚ್340ರ ಸಂಖ್ಯೆಯೂ ಒಂದೇ ಆಗಿರುವುದರಿಂದ, ಬೋರ್ಡನ್ನು ತನ್ನದು ಅಂದುಕೊಂಡು ಹಿಡಿದುಕೊಳ್ಳುತ್ತದೆ. ಬ್ರೈಲ್ ಪರದೆ ಬಳಸದವರು ಆ ಪ್ಯಾಕೇಜ್ ತೆಗೆದುಹಾಕಿದರೆ ಮುಗಿಯಿತು.

ಮೂರು, ಅನುಮತಿ. ನಮ್ಮ ಯೂಸರ್ ಹೆಸರು ‘ಡಯಲ್‌ಔಟ್’ ಗುಂಪಿಗೆ ಸೇರಿರಬೇಕು. ಸೇರಿಸಿದ ಮೇಲೆ ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬರಬೇಕು. ಸುಡೋ ಹಾಕಿ ಫ್ಲ್ಯಾಶ್ ಮಾಡುವ ದಾರಿ ಬೇಡ, ಆಮೇಲೆ ಬಿಲ್ಡ್ ಫೋಲ್ಡರಿನ ಫೈಲುಗಳೆಲ್ಲ ರೂಟ್ ಹೆಸರಿಗೆ ಹೋಗಿ ಇನ್ನೊಂದು ತಲೆನೋವು.

ಹಂತ 3: ಹಲೋ ವರ್ಲ್ಡ್

ಎಕ್ಸಾಂಪಲ್ಸ್ ಫೋಲ್ಡರಿನ ಹಲೋ ವರ್ಲ್ಡ್ ಅನ್ನು ನಕಲು ಮಾಡಿಕೊಂಡು, ಸೆಟ್-ಟಾರ್ಗೆಟ್ ಇಎಸ್‌ಪಿ32, ಆಮೇಲೆ ಬಿಲ್ಡ್. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲ ಬಿಲ್ಡ್ ತುಂಬಾ ಹೊತ್ತು ಹಿಡಿಯುತ್ತದೆ. ನೂರಾರು ಫೈಲ್ ಕಂಪೈಲ್ ಆಗಬೇಕಲ್ವಾ. ಎರಡನೇ ಸಲದಿಂದ ಬದಲಾದ ಫೈಲ್ ಮಾತ್ರ.

ಫ್ಲ್ಯಾಶ್ ಕೊಟ್ಟಾಗ ‘ಕನೆಕ್ಟಿಂಗ್’ ಎಂದು ಚುಕ್ಕಿ ಹಾಕುತ್ತಾ ಕೂತು, ಕೊನೆಗೆ ಬೂಟ್ ಮೋಡ್ ತಪ್ಪು, ಹೆಕ್ಸ್ 13 ಎಂದಿತು. ಬೋರ್ಡ್ ಡೌನ್‌ಲೋಡ್ ಮೋಡಿಗೆ ತಾನೇ ಹೋಗುತ್ತಿಲ್ಲ ಎಂದರ್ಥ. ಚುಕ್ಕಿ ಬರುವಾಗ ಬೋರ್ಡಿನ ಬೂಟ್ ಬಟನ್ ಒತ್ತಿ ಹಿಡಿದರೆ ಹತ್ತುತ್ತದೆ. ಪ್ರತಿ ಸಲ ಒತ್ತುವುದು ಬೇಸರ. ಇಎನ್ ಪಿನ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದೆ, ಮೈನಸ್ ಕಾಲು ಗ್ರೌಂಡಿಗೆ. ಅಲ್ಲಿಂದ ಬಟನ್ ಮುಟ್ಟಿಲ್ಲ.

ಮಾನಿಟರ್‌ನಲ್ಲಿ ಹಲೋ ವರ್ಲ್ಡ್ ಬಂತು. ಹತ್ತರಿಂದ ಕೆಳಗೆ ಎಣಿಸಿ ಬೋರ್ಡ್ ರೀಸ್ಟಾರ್ಟ್ ಆಗುತ್ತದೆ, ಅದು ಉದಾಹರಣೆಯ ರೀತಿಯೇ, ಕೆಟ್ಟಿದ್ದಲ್ಲ. ಮಾನಿಟರ್‌ನಿಂದ ಹೊರಬರಲು ಕಂಟ್ರೋಲ್ ಜೊತೆ ಬಲಗಡೆಯ ಚೌಕ ಬ್ರಾಕೆಟ್.

ಹಂತ 4: ಬಜರ್

ಜಿಪಿಐಒ 25ರಿಂದ 1 ಕಿಲೋಓಮ್ ಮೂಲಕ ಟ್ರಾನ್ಸಿಸ್ಟರ್ ಬೇಸಿಗೆ, ಕಲೆಕ್ಟರ್‌ನಲ್ಲಿ ಬಜರ್, ಬಜರಿನ ಇನ್ನೊಂದು ಕಾಲು 5 ವೋಲ್ಟಿಗೆ. ಬ್ಲಿಂಕ್ ಉದಾಹರಣೆಯಲ್ಲಿ ಪಿನ್ ಸಂಖ್ಯೆಯನ್ನು ಐಡಿಎಫ್‌ನ ಸೆಟ್ಟಿಂಗ್ ಪುಟವಾದ ಮೆನುಕಾನ್ಫಿಗ್‌ನಲ್ಲಿ ಬದಲಿಸಿದರೆ ಕೂಗುತ್ತದೆ. ಹೆಚ್ಚೇನಿಲ್ಲ.

ಪಿನ್ ಆರಿಸುವಾಗ ಮಾತ್ರ ಎಚ್ಚರ. 6ರಿಂದ 11 ಒಳಗಿನ ಫ್ಲ್ಯಾಶಿಗೆ ಹೋಗುತ್ತವೆ, ಮುಟ್ಟಬಾರದು. 34ರಿಂದ 39 ಒಳಬರುವುದಕ್ಕೆ ಮಾತ್ರ, ಅವುಗಳಿಂದ ಏನನ್ನೂ ಓಡಿಸಲಾಗದು. 12 ಎಲ್ಲಕ್ಕಿಂತ ಮೋಸದ ಪಿನ್. ಬೂಟ್ ಆಗುವ ಹೊತ್ತಿಗೆ ಅದು ಹೈ ಆಗಿದ್ದರೆ ಚಿಪ್ ಫ್ಲ್ಯಾಶಿಗೆ 3.3ರ ಬದಲು 1.8 ವೋಲ್ಟ್ ಕೊಡುತ್ತದೆ, ಬೋರ್ಡ್ ಏಳುವುದಿಲ್ಲ. ಪುಲ್‌ಅಪ್ ಇರುವ ರಿಲೇ ಮಾಡ್ಯೂಲ್ ಅಲ್ಲಿ ಸಿಕ್ಕಿಸಿದವರಿಗೆ ಬೋರ್ಡೇ ಸುಟ್ಟಿತು ಅನಿಸುತ್ತದೆ.

ಹಂತ 5: ಸೆನ್ಸರ್ ಉತ್ತರ ಕೊಡುತ್ತಿಲ್ಲ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿಂದಿದ್ದು ಇದು. ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಎಸ್‌ಡಿಎ 21ಕ್ಕೆ, ಎಸ್‌ಸಿಎಲ್ 22ಕ್ಕೆ, ವಿದ್ಯುತ್ 3.3 ವೋಲ್ಟಿನಿಂದ. ಹೊಸ ಡ್ರೈವರಿನಲ್ಲಿ ಕ್ರಮ ಸರಳ. ಮೊದಲು ಬಸ್ ತೆರೆ, ಅದಕ್ಕೆ ಸಾಧನ ಸೇರಿಸು, ಆಮೇಲೆ ಕಳಿಸು, ಓದು. ವೇಗ 100 ಕಿಲೋಹರ್ಟ್ಸ್. ಪ್ರೋಬ್ ಮಾಡಿದಾಗ ಹೆಕ್ಸ್ 44ರಲ್ಲಿ ಸೆನ್ಸರ್ ಸಿಕ್ಕಿತು. ವೈರಿಂಗ್ ಸರಿ ಎಂದಾಯಿತು.

ಅಳತೆಗೆ ಹೆಕ್ಸ್ 24, 00 ಎಂಬ ಎರಡು ಬೈಟ್ ಕಳಿಸಬೇಕು. ಸೆನ್ಸರ್ ಅಳೆಯಲು ಗರಿಷ್ಠ ಸುಮಾರು 15 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆಮೇಲೆ 6 ಬೈಟ್ ಓದಬೇಕು. ನಾನು 15 ಮಿಲಿಸೆಕೆಂಡ್ ಕಾಯಲು ಹೇಳಿ ಓದಿದೆ. ಪ್ರತಿ ಸಲವೂ ನ್ಯಾಕ್, ಅಂದರೆ ಸೆನ್ಸರ್ ಇನ್ನೂ ಸಿದ್ಧವಿಲ್ಲ.

ವೈರ್ ಬದಲಿಸಿ ನೋಡಿದೆ. ಪುಲ್‌ಅಪ್ ಸೇರಿಸಿ ನೋಡಿದೆ. ವೇಗ ಇಳಿಸಿ ನೋಡಿದೆ. ಯಾವುದೂ ಕಾರಣವಲ್ಲ. ಕಾರಣ ಇದ್ದಿದ್ದು ಕಾಯುವ ಆ ಒಂದು ಸಾಲಿನಲ್ಲಿ.

ಐಡಿಎಫ್‌ನಲ್ಲಿ ಫ್ರೀಆರ್‌ಟಿಒಎಸ್‌ನ ಟಿಕ್ ಮೊದಲಿನಿಂದಲೇ 100 ಹರ್ಟ್ಸ್. ಟಿಕ್ ಎಂದರೆ ಅದರ ಗಡಿಯಾರದ ಮಿಡಿತ, ಒಂದಕ್ಕೆ 10 ಮಿಲಿಸೆಕೆಂಡ್. ಕಾಯುವ ಹೊತ್ತನ್ನು ಟಿಕ್‌ಗಳಾಗಿ ಬದಲಿಸುವಾಗ ಉಳಿಕೆಯನ್ನು ಕತ್ತರಿಸಿ ಬಿಸಾಕುತ್ತದೆ. 15 ಎಂದು ಬರೆದರೆ ಒಂದೇ ಟಿಕ್. ಅದೂ ಪೂರ್ತಿ 10 ಮಿಲಿಸೆಕೆಂಡ್ ಅಲ್ಲ. ಮುಂದಿನ ಟಿಕ್ ಹೊಡೆಯುವ ತನಕ ಮಾತ್ರ. ಆದ್ದರಿಂದ ಕಾದಿದ್ದು ಹತ್ತಕ್ಕಿಂತ ಕಡಿಮೆ, ಸೆನ್ಸರಿಗೆ ಬೇಕಾಗಿದ್ದು ಅದಕ್ಕಿಂತ ಜಾಸ್ತಿ. 5 ಎಂದು ಬರೆದರಂತೂ ಸೊನ್ನೆ ಟಿಕ್, ಕಾಯುವುದೇ ಇಲ್ಲ.

20 ಎಂದು ಬದಲಿಸಿದೆ. ಎರಡು ಟಿಕ್. ಓದತೊಡಗಿತು. ಸಮಸ್ಯೆ ಬಗೆಹರಿಯಿತು ಎಂದುಕೊಂಡರೆ, ಆಗೊಮ್ಮೆ ಈಗೊಮ್ಮೆ ಮತ್ತೆ ನ್ಯಾಕ್. ಎರಡು ಟಿಕ್ ಎಂದರೆ 10ರಿಂದ 20ರ ನಡುವೆ ಎಷ್ಟಾದರೂ ಆಗಬಹುದು. ಆಜ್ಞೆ ಕಳಿಸಿದ್ದು ಟಿಕ್ಕಿನ ಕೊನೆಯಲ್ಲಾದರೆ ಕಾಯುವುದು 11 ಅಷ್ಟೇ. 30 ಮಾಡಿದೆ. ಆಗ ಕಡಿಮೆ ಎಂದರೂ 20 ಸಿಗುತ್ತದೆ. ಅಂದಿನಿಂದ ಆ ನ್ಯಾಕ್ ಬಂದಿಲ್ಲ. ಮೆನುಕಾನ್ಫಿಗ್‌ನಲ್ಲಿ ಟಿಕ್ ಅನ್ನು 1000 ಹರ್ಟ್ಸ್ ಮಾಡುವ ದಾರಿಯೂ ಇದೆ. ನಿಮಿಷಕ್ಕೊಮ್ಮೆ ಓದುವ ಕೆಲಸಕ್ಕೆ ಅದು ಬೇಕಿಲ್ಲ.

ಬಂದ 6 ಬೈಟಿನಲ್ಲಿ ಮೊದಲೆರಡು ಬಿಸಿ, ಮೂರನೆಯದು ದಾರಿಯಲ್ಲಿ ಅಂಕಿ ಕೆಟ್ಟಿದೆಯೇ ಎಂದು ಹೇಳುವ ಅದರ ಸಿಆರ್‌ಸಿ, ನಾಲ್ಕು ಐದು ತೇವ, ಆರನೆಯದು ಅದರ ಸಿಆರ್‌ಸಿ. ಬಿಸಿ ತಿಳಿಯಲು ಆ ಸಂಖ್ಯೆಯನ್ನು 175ರಿಂದ ಗುಣಿಸಿ, 65535ರಿಂದ ಭಾಗಿಸಿ, 45 ಕಳೆಯಬೇಕು. ತೇವಕ್ಕೆ 100ರಿಂದ ಗುಣಿಸಿ 65535ರಿಂದ ಭಾಗಿಸಿದರೆ ಸಾಕು. ಕೋಡ್ ಸರಿ ಇದೆಯೇ ಎಂದು ನೋಡಲು 26214 ಕೊಡಿ, 25.0 ಡಿಗ್ರಿ ಬರಬೇಕು. ಸಿಆರ್‌ಸಿ ಬರೆದ ಮೇಲೆ ಡೇಟಾಶೀಟಿನಲ್ಲಿರುವ ಪರೀಕ್ಷೆ ಮಾಡಿ. ಹೆಕ್ಸ್ ಬಿಇ, ಇಎಫ್ ಎಂಬ ಎರಡು ಬೈಟ್ ಕೊಟ್ಟರೆ 92 ಬರಬೇಕು. ಸಿಆರ್‌ಸಿ ಯಾಕೆ ಬೇಕು ಅನ್ನಬೇಡಿ. ಉದ್ದ ವೈರಿನಲ್ಲಿ ಒಂದು ಬಿಟ್ ಹಾಳಾದರೂ ರಾತ್ರಿ ಬಜರ್ ಸುಳ್ಳೇ ಕೂಗುತ್ತದೆ. ಹಾಗೆ ಎರಡು ಸಲ ಕೂಗಿದರೆ ಮನೆಯವರು ಪ್ಲಗ್ ಕಿತ್ತು ಇಡುತ್ತಾರೆ.

ಗೋಡೆಯ ಥರ್ಮಾಮೀಟರಿಗೆ ಹೋಲಿಸಿದೆ. ಒಣ ಬುರುಡೆ 25, ಒದ್ದೆ ಬುರುಡೆ 21 ಇದ್ದರೆ ತೇವ ಸುಮಾರು ಶೇ. 70. ಬ್ರೆಡ್‌ಬೋರ್ಡ್ ಮೇಲೆ ಸೆನ್ಸರ್ ಹೊಂದಿಕೊಂಡಿತು. ಎಲ್ಲವನ್ನೂ ಒಂದೇ ಬಾಕ್ಸಿನೊಳಗೆ ಹಾಕಿ ಮುಚ್ಚಿದ ಮೇಲೆ ಬಿಸಿ ಸುಮಾರು 3 ಡಿಗ್ರಿ ಜಾಸ್ತಿ, ತೇವ ಕಡಿಮೆ ತೋರಿಸಿತು. ವೈಫೈ ಓಡುವಾಗ ಬೋರ್ಡ್ ತಾನೇ ಬಿಸಿಯಾಗುತ್ತದೆ. ಕೋಡಿನಲ್ಲಿ 3 ಕಳೆಯುವುದು ಪರಿಹಾರವಲ್ಲ, ಯಾಕೆಂದರೆ ಆ ವ್ಯತ್ಯಾಸ ಒಂದೇ ರೀತಿ ನಿಲ್ಲುವುದಿಲ್ಲ. ಸೆನ್ಸರನ್ನು ಹೊರಗೆ ತೆಗೆದು, ಒಂದೂವರೆ ಮೀಟರ್ ವೈರಿನಲ್ಲಿ ನಡುವಿನ ತಟ್ಟೆಯ ಮಟ್ಟಕ್ಕೆ ಇಳಿಬಿಟ್ಟೆ.

ಹಂತ 6: ವೈಫೈ ಮತ್ತು ಕರೆಂಟ್

ಸ್ಟೇಷನ್ ಎಂಬ ಉದಾಹರಣೆಯಿಂದ ಶುರು ಮಾಡಿದೆ. ಹೆಸರು, ಪಾಸ್‌ವರ್ಡ್ ಮೆನುಕಾನ್ಫಿಗ್‌ನಲ್ಲಿ. ಇಎಸ್‌ಪಿ32ಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ರೌಟರಿನ 5 ಗಿಗಾಹರ್ಟ್ಸ್ ಹೆಸರು ಕೊಟ್ಟರೆ ಸಿಗುವುದೇ ಇಲ್ಲ. ಸಂಪರ್ಕ ತಪ್ಪಿದ ಕಾರಣದ ಸಂಖ್ಯೆಯನ್ನು ಲಾಗ್‌ನಲ್ಲಿ ಬರುವಂತೆ ಮಾಡಿಕೊಳ್ಳಿ. 201 ಎಂದರೆ ಆ ಹೆಸರಿನ ವೈಫೈ ಕಾಣುತ್ತಿಲ್ಲ. 15 ಎಂದರೆ ಹೆಚ್ಚಾಗಿ ಪಾಸ್‌ವರ್ಡ್ ತಪ್ಪು.

ವೈಫೈ ಶುರುವಾದ ಕೂಡಲೇ ಬೋರ್ಡ್ ರೀಸ್ಟಾರ್ಟ್, ಮತ್ತೆ ರೀಸ್ಟಾರ್ಟ್. ‘ಬ್ರೌನ್‌ಔಟ್ ಡಿಟೆಕ್ಟರ್’ ಎಂಬ ಸಾಲು, ಅಂದರೆ ವೋಲ್ಟ್ ಕುಸಿದಿದೆ. ಸಣ್ಣ ಎಳೆಯ ಉದ್ದ ಯುಎಸ್‌ಬಿ ಕೇಬಲ್ ಆ ಕ್ಷಣದ ಕರೆಂಟ್ ಎಳೆತ ತಡೆಯುತ್ತಿರಲಿಲ್ಲ. ಡಿಟೆಕ್ಟರನ್ನೇ ಆಫ್ ಮಾಡಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಮಾಡಬೇಡಿ. ವೋಲ್ಟ್ ಕುಸಿದಾಗ ಚಿಪ್ ಫ್ಲ್ಯಾಶಿಗೆ ಏನು ಬರೆಯುತ್ತದೋ ಹೇಳಲಾಗದು. ಗಿಡ್ಡ, ದಪ್ಪ ಕೇಬಲ್ ಹಾಕಿ, 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟೆ. ನಿಂತಿತು.

ನಿಜವಾದ ಪರೀಕ್ಷೆ ಊರಿನ ಕರೆಂಟ್. ಹೋಯಿತು, ಬಂತು. ಬೋರ್ಡ್ ಒಂದೆರಡು ಸೆಕೆಂಡಿನಲ್ಲಿ ಎದ್ದಿತು. ರೌಟರ್ ಏಳಲು ಎರಡು ನಿಮಿಷ ಬೇಕು. ಉದಾಹರಣೆಯ ಕೋಡ್ ಐದು ಸಲ ಪ್ರಯತ್ನಿಸಿ ಕೈಬಿಡುತ್ತದೆ. ರೌಟರ್ ಎದ್ದು ನೋಡುವಷ್ಟರಲ್ಲಿ ಬೋರ್ಡ್ ಸುಮ್ಮನಾಗಿತ್ತು. ಬೆಳಗ್ಗೆ ತನಕ ಫೋನಿನಲ್ಲಿ ಏನೂ ಇಲ್ಲ. ಉದಾಹರಣೆಯ ತಪ್ಪಲ್ಲ ಇದು. ಸಂಪರ್ಕ ಹೇಗೆ ಮಾಡುವುದು ಎಂದು ತೋರಿಸುವುದಷ್ಟೇ ಅದರ ಕೆಲಸ.

ಮಿತಿ ತೆಗೆದು, ಸಿಗುವ ತನಕ ಪ್ರಯತ್ನಿಸು ಎಂದು ಬದಲಿಸಿದೆ. ಆಗ ಇನ್ನೂ ದೊಡ್ಡ ತೊಂದರೆ. ಅದೇ ಉದಾಹರಣೆಯಲ್ಲಿ, ಸಂಪರ್ಕ ಸಿಗಬೇಕು ಇಲ್ಲವೇ ಸೋಲಬೇಕು, ಅಲ್ಲಿಯವರೆಗೆ ಮುಂದೆ ಹೋಗದೆ ಕಾಯುವ ಸಾಲೊಂದಿದೆ. ಈಗ ಸೋಲುವುದೇ ಇಲ್ಲವಲ್ಲ. ರೌಟರ್ ಕೆಟ್ಟಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ಸೆನ್ಸರ್ ಓದುವುದೇ ಶುರುವಾಗುವುದಿಲ್ಲ, ಬಜರ್ ಕೂಡ ಸತ್ತಂತೆ. ವೈಫೈ ಇಲ್ಲದಿದ್ದರೆ ಫೋನಿನಲ್ಲಿ ಕಾಣದಿರುವುದು ಸರಿ, ಬಜರ್ ಕೂಗದಿರುವುದು ಸರಿಯಲ್ಲ. ಕ್ರಮ ತಿರುಗಿಸಿದೆ. ಮೊದಲು ಸೆನ್ಸರ್ ಮತ್ತು ಬಜರಿನ ಟಾಸ್ಕ್ ಹುಟ್ಟುತ್ತದೆ, ಆಮೇಲೆ ವೈಫೈ. ಕಾಯುವ ಸಾಲು ತೆಗೆದುಹಾಕಿದೆ. ಮತ್ತೆ ಪ್ರಯತ್ನಿಸುವ ನಡುವೆ 10 ಸೆಕೆಂಡ್ ಬಿಡುವು ಕೊಡಲು ಟೈಮರ್ ಬಳಸಿದೆ. ಇವೆಂಟ್ ಹ್ಯಾಂಡ್ಲರ್ ಒಳಗೇ ಡಿಲೇ ಹಾಕಿದರೆ ಉಳಿದ ಇವೆಂಟ್‌ಗಳೂ ಅಲ್ಲೇ ಸಾಲು ನಿಲ್ಲುತ್ತವೆ.

ಪರೀಕ್ಷೆಗೆ ರೌಟರ್ ಆಫ್ ಮಾಡಿ ಬೋರ್ಡ್ ಆನ್ ಮಾಡಿದೆ, ಸೆನ್ಸರ್ ಬಾಯಿಗೆ ಉಸಿರು ಊದಿದೆ. ಬಜರ್ ಕೂಗಿತು. ರೌಟರ್ ಆನ್ ಮಾಡಿದೆ, ತಾನೇ ಹಿಡಿಯಿತು. ನಿಮ್ಮ ಬೋರ್ಡಿಗೂ ಈ ಪರೀಕ್ಷೆ ಮಾಡದೆ ಗೋಡೆಗೆ ಹೊಡೆಯಬೇಡಿ.

ಸಿಗ್ನಲ್: ರೌಟರ್ ಮನೆಯಲ್ಲಿ, ಹುಳು ಮನೆ ಸುಮಾರು 40 ಮೀಟರ್ ದೂರ. ಒಳಗೋಡೆಯಲ್ಲಿ ಮೈನಸ್ 80 ಡಿಬಿಎಂ ಆಸುಪಾಸು (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ), ಪದೇ ಪದೇ ಕಡಿಯುತ್ತಿತ್ತು. ಮನೆ ಕಡೆಯ ಕಿಟಕಿ ಪಕ್ಕಕ್ಕೆ ಬಾಕ್ಸ್ ತಂದೆ, ಮೈನಸ್ 67. ಸಾಕು.

ಹಂತ 7: ಫೋನಿನಲ್ಲಿ ಕನ್ನಡ

ಬೋರ್ಡಿನೊಳಗೇ ಸಣ್ಣ ಎಚ್‌ಟಿಟಿಪಿ ಸರ್ವರ್. ರೌಟರಿನಲ್ಲಿ ಬೋರ್ಡಿಗೆ ಒಂದೇ ವಿಳಾಸ ಕಟ್ಟಿಟ್ಟೆ. ಪುಟ ಕನ್ನಡದಲ್ಲೇ ಇರಬೇಕಿತ್ತು, ನೋಡುವವರು ಅಮ್ಮ.

ಮೊದಲು ಬಂದಿದ್ದು ಅರ್ಥವಾಗದ ಚಿಹ್ನೆಗಳ ಸಾಲು. ಉತ್ತರದ ಜೊತೆ ಕಳಿಸುವ ಕಂಟೆಂಟ್ ಟೈಪಿನಲ್ಲಿ ಯುಟಿಎಫ್-8 ಎಂದು ಹೇಳಿರಲಿಲ್ಲ. ಹೇಳಿದ ಮೇಲೆ ಅಕ್ಷರ ಬಂತು, ಆದರೆ ಪುಟದ ಕೊನೆ ತುಂಡಾಗಿತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಗುಣಿತದ ಚಿಹ್ನೆ ಬೇರೆ ಲೆಕ್ಕ. ‘ತಾಪಮಾನ’ ಎಂದರೆ ಕಣ್ಣಿಗೆ ನಾಲ್ಕು ಅಕ್ಷರ, ಬೋರ್ಡಿಗೆ 18 ಬೈಟ್. ಇಂಗ್ಲಿಷ್ ಲೆಕ್ಕದಲ್ಲಿ ಇಟ್ಟ ಬಫರ್ ಸಾಲದು. ಬಫರನ್ನು 4096 ಬೈಟಿಗೆ ಏರಿಸಿದೆ. ಆಗ ಎಚ್‌ಟಿಟಿಪಿ ಟಾಸ್ಕಿನ ಸ್ಟ್ಯಾಕ್ ತುಂಬಿ ಬೋರ್ಡ್ ಬಿತ್ತು, ಯಾಕೆಂದರೆ ಆ ಟಾಸ್ಕಿನ ಸ್ಟ್ಯಾಕೇ 4096. ಬಫರನ್ನು ಫಂಕ್ಷನ್ ಹೊರಗೆ ಸ್ಟ್ಯಾಟಿಕ್ ಮಾಡಿದ ಮೇಲೆ ಸರಿಹೋಯಿತು.

ಸಮಯ ಇಂಟರ್‌ನೆಟ್ ಗಡಿಯಾರವಾದ ಎಸ್‌ಎನ್‌ಟಿಪಿಯಿಂದ. ಭಾರತದ ಸಮಯಕ್ಕೆ ಐಎಸ್‌ಟಿ ಆದ ಮೇಲೆ ಮೈನಸ್ 5:30 ಎಂದು ಬರೆಯಬೇಕು, ಪ್ಲಸ್ ಅಲ್ಲ. ಪಾಸಿಕ್ಸ್ ಪದ್ಧತಿಯಲ್ಲಿ ಚಿಹ್ನೆ ಉಲ್ಟಾ. ಪ್ಲಸ್ ಹಾಕಿದರೆ ಗಡಿಯಾರ 11 ಗಂಟೆ ಹಿಂದೆ ಹೋಗುತ್ತದೆ, ಮಧ್ಯಾಹ್ನ 2 ಎಂಬುದು ಬೆಳಗಿನ ಜಾವ 3 ಆಗುತ್ತದೆ. ರಾತ್ರಿಯ ಬಿಸಿ ನೋಡಿ ತೀರ್ಮಾನ ಮಾಡುವ ಕಡೆ ಇದು ಸಣ್ಣ ವಿಷಯವಲ್ಲ.

ಹಂತ 8: ಮಿತಿಗಳು

ನಾವು ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು) ದಾಟಿದ ಹುಳು ತರುತ್ತೇವೆ. ಹಾಗಾಗಿ ಪುಟದಲ್ಲಿ ನಾಲ್ಕೇ ಗುಂಡಿ: ಮೂರನೇ ಹಂತ, ನಾಲ್ಕನೇ ಹಂತ, ಐದನೇ ಹಂತ, ಜ್ವರ. ಒತ್ತಿದ್ದನ್ನು ಫ್ಲ್ಯಾಶಿನ ಕಾಯಂ ಜಾಗವಾದ ಎನ್‌ವಿಎಸ್‌ನಲ್ಲಿ ಬರೆದಿಡುತ್ತದೆ, ಕರೆಂಟ್ ಹೋದರೂ ಮರೆಯುವುದಿಲ್ಲ. ಜ್ವರದಲ್ಲಿ ಹಾಸಿಗೆ ಒಣಗಿರಬೇಕು, ಸುಣ್ಣ ಉದುರಿಸುತ್ತೇವೆ, ಸೊಪ್ಪು ನಿಲ್ಲಿಸುತ್ತೇವೆ. ಆಗ ತೇವ ಕಡಿಮೆಯಾಯಿತೆಂದು ಬಜರ್ ಕೂಗಬಾರದು, ಜಾಸ್ತಿಯಾದರೆ ಮಾತ್ರ ಕೂಗಬೇಕು. ಈ ನಾಲ್ಕನೇ ಗುಂಡಿ ಕೇಳಿದ್ದು ಅಪ್ಪ. ಅದಿಲ್ಲದೆ ಈ ಯಂತ್ರ ಹುಳು ಮನೆಗೆ ಹೊಂದುತ್ತಿರಲಿಲ್ಲ.

ಸೊಪ್ಪು ಹಾಕಲು ಬಾಗಿಲು ತೆರೆದಾಗ ತೇವ ಇಳಿಯುತ್ತದೆ, ಹಸಿ ಸೊಪ್ಪು ಬಿದ್ದ ಮೇಲೆ ಏರುತ್ತದೆ. ಒಂದೇ ಅಳತೆ ನಂಬಿ ಕೂಗಿದರೆ ದಿನವಿಡೀ ಕೂಗಾಟ. ಸತತ 5 ಅಳತೆ ಮಿತಿ ದಾಟಿದರೆ ಮಾತ್ರ ಬಜರ್, ಮಿತಿಯೊಳಗೆ ಅರ್ಧ ಡಿಗ್ರಿ ಬಂದ ಮೇಲೆ ನಿಲ್ಲುತ್ತದೆ.

ಹಂತ 9: ಸುಣ್ಣ, ಬ್ಲೀಚಿಂಗ್ ಪುಡಿ

ಎರಡು ಬೆಳೆಯ ನಡುವೆ ಹುಳು ಮನೆಗೆ ಬ್ಲೀಚಿಂಗ್ ಪುಡಿ ಇಲ್ಲವೇ ಕ್ಲೋರಿನ್ ಡೈಆಕ್ಸೈಡ್ ಸಿಂಪಡಿಸುತ್ತೇವಲ್ಲ, ಆ ಹೊಗೆ ತೇವದ ಸೆನ್ಸರಿಗೆ ಒಳ್ಳೆಯದಲ್ಲ. ಅಳತೆ ಜಾರುತ್ತದೆ. ಅದಕ್ಕೇ ಸೆನ್ಸರ್ ತುದಿಗೆ ಕಳಚುವ ಕನೆಕ್ಟರ್ ಹಾಕಿದೆ. ಸಿಂಪಡಿಸುವ ಮೊದಲು ಕಳಚಿ ಮನೆಗೆ, ಗಾಳಿಯಾಡಿದ ಮೇಲೆ ವಾಪಸ್. ಸುಣ್ಣದ ಪುಡಿ ಕೂರದಂತೆ ತೆಳು ನಾನ್-ವೋವನ್ ಬಟ್ಟೆಯ ಚೀಲ ತೊಡಿಸಿದ್ದೇನೆ. ಗಾಳಿ ಆಡುತ್ತದೆ, ಪುಡಿ ನಿಲ್ಲುತ್ತದೆ. ಬೆಸುಗೆ ಕೆಲಸವನ್ನಂತೂ ಹುಳು ಇರುವ ಕಡೆ ಮಾಡಲೇಬೇಡಿ, ಆ ಹೊಗೆ ಅವುಗಳಿಗೆ ಬೇಡ.

ಈಗ ಎಲ್ಲಿ ನಿಂತಿದೆ

ದೂರದಿಂದ ಪ್ರೋಗ್ರಾಂ ಬದಲಿಸಲು ಓಟಿಎ ಪಾರ್ಟಿಷನ್ ಆರಿಸಿದಾಗ, ಟೇಬಲ್ 2 ಎಂಬಿಯಲ್ಲಿ ಹಿಡಿಯುವುದಿಲ್ಲ ಎಂದು ಬಿಲ್ಡ್ ನಿಂತಿತು. ಬೋರ್ಡಿನಲ್ಲಿ 4 ಎಂಬಿ ಇದೆ, ಮೆನುಕಾನ್ಫಿಗ್‌ನಲ್ಲಿ ಮೊದಲಿನಿಂದ ಇರುವುದು 2. ಸೀರಿಯಲ್ ಫ್ಲ್ಯಾಶರ್ ಮೆನುವಿನಲ್ಲಿ 4 ಮಾಡಿದ ಮೇಲೆ ಆಯಿತು.

ಸಿಕ್ಕಿಹಾಕಿಕೊಂಡಿರುವುದು ಎರಡನೇ ಸೆನ್ಸರಿನಲ್ಲಿ. ಹುಳು ಮನೆಯ ಇನ್ನೊಂದು ತುದಿ ಬಾಗಿಲಿಂದ ದೂರ, ಅಲ್ಲಿ ಬಿಸಿ ಬೇರೆ. ಐ2ಸಿ ವೈರನ್ನು ಅಲ್ಲಿಗೆ ಎಳೆದೆ. 3 ಮೀಟರ್ ತನಕ ವೇಗವನ್ನು 20 ಕಿಲೋಹರ್ಟ್ಸಿಗೆ ಇಳಿಸಿದರೆ ನಡೆಯಿತು. ಅದಕ್ಕಿಂತ ಉದ್ದಕ್ಕೆ ಸಿಆರ್‌ಸಿ ತಪ್ಪುಗಳು ಹೆಚ್ಚಾದವು. ಐ2ಸಿ ಇರುವುದೇ ಹತ್ತಿರದ ಸಂಪರ್ಕಕ್ಕೆ. ವೈರ್ ಬಿಟ್ಟು, ಇನ್ನೊಂದು ಇಎಸ್‌ಪಿ32 ಇಟ್ಟು, ರೌಟರ್ ಇಲ್ಲದೆ ಬೋರ್ಡ್‌ಗಳು ನೇರ ಮಾತಾಡುವ ಇಎಸ್‌ಪಿ-ನೌ ಮೂಲಕ ಮೊದಲನೆಯದಕ್ಕೆ ಕಳಿಸುವುದು ಈಗಿನ ದಾರಿ. ಮೇಜಿನ ಮೇಲೆ ಕೆಲಸ ಮಾಡಿತು, ಒಂದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ನಿಂತಿತು. ರೌಟರ್ ತಾನೇ ಚಾನೆಲ್ ಬದಲಿಸಿಕೊಂಡಿತ್ತು. ಮೊದಲ ಬೋರ್ಡ್ ಅದರ ಹಿಂದೆ ಹೋಯಿತು, ಎರಡನೆಯದು ಹಳೆಯ ಚಾನೆಲಿನಲ್ಲೇ ಉಳಿಯಿತು. ಇಎಸ್‌ಪಿ-ನೌಗೆ ಎರಡೂ ಒಂದೇ ಚಾನೆಲಿನಲ್ಲಿ ಇರಬೇಕು.

ಸದ್ಯಕ್ಕೆ ರೌಟರನ್ನು ಚಾನೆಲ್ 6ಕ್ಕೆ ಕಟ್ಟಿದ್ದೇನೆ. ಉತ್ತರ ಬರದಿದ್ದರೆ ಎರಡನೇ ಬೋರ್ಡ್ ತಾನೇ ಚಾನೆಲ್ ಹುಡುಕುವ ಕೋಡ್ ಅರ್ಧ ಬರೆದಿದೆ. ಮುಂದಿನ ಚಾಕಿ ಹುಳು ಬರುವ ಮೊದಲು ಎರಡೂ ಬೋರ್ಡ್‌ಗಳನ್ನು ಖಾಲಿ ಹುಳು ಮನೆಯಲ್ಲಿ ಓಡಿಸಿ, ರೌಟರಿನ ಚಾನೆಲನ್ನು ಬೇಕೆಂದೇ ಬದಲಿಸಿ ನೋಡಬೇಕು.